ವರ್ಚುವಲ್ ಅಸಿಸ್ಟೆಂಟ್ ಕೆಲಸಕ್ಕೆ ಕ್ಲೈಂಟ್ ಹುಡುಕುವುದು: ಯಾವುದು ಮೊದಲು, ಯಾವುದು ಆಮೇಲೆ

ವರ್ಚುವಲ್ ಅಸಿಸ್ಟೆಂಟ್ ಅಂದರೆ ಮನೆಯಿಂದಲೇ, ಆನ್‌ಲೈನಿನಲ್ಲಿ, ಬೇರೆಯವರ ಕಚೇರಿ ಕೆಲಸ ಮಾಡಿಕೊಡುವವರು. ಈ ಕೆಲಸಕ್ಕೆ ಇಳಿದವರಲ್ಲಿ ತಿಂಗಳಿಗೆ ಇಬ್ಬರಾದರೂ ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. "ಅಕ್ಕ, ಕೋರ್ಸ್ ಮುಗಿಸಿದೆ, ಲೋಗೋ ಮಾಡಿಸಿದೆ, ಇನ್‌ಸ್ಟಾಗ್ರಾಂ ಪೇಜ್ ತೆರೆದೆ. ಮೂರು ತಿಂಗಳಾಯ್ತು, ಒಬ್ಬ ಕ್ಲೈಂಟೂ ಸಿಗಲಿಲ್ಲ." ಅವರ ಕೆಲಸ ನೋಡಿದರೆ ಚೆನ್ನಾಗಿಯೇ ಇರುತ್ತದೆ. ಎಡವಟ್ಟಾಗಿರುವುದು ಕ್ರಮದಲ್ಲಿ. ಅಂಗಡಿಗೆ ಸಾಮಾನು ತರುವ ಮೊದಲೇ ಬೋರ್ಡು ಬರೆಸಿ ಕೂತಿರುತ್ತಾರೆ.

ಹಾಗಾಗಿ ಕ್ರಮದ ಪ್ರಕಾರವೇ ಬರೆದಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹಾರಬೇಡಿ. ಲೋಗೋ, ವೆಬ್‌ಸೈಟ್, ವಿಸಿಟಿಂಗ್ ಕಾರ್ಡ್ ಈ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಮೂರು ಕ್ಲೈಂಟ್ ಆದ ಮೇಲೆ ಬೇಕಾದರೆ ಮಾಡಿಸಿಕೊಳ್ಳಿ.

## ಕೈಯಲ್ಲಿ ಇರಬೇಕಾದ್ದು

ಒಂದು ಲ್ಯಾಪ್‌ಟಾಪ್, ಮೈಕ್ ಇರುವ ಹೆಡ್‌ಫೋನ್, ಮನೆಯ ಇಂಟರ್ನೆಟ್ ಕೈಕೊಟ್ಟರೆ ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್. ಕರೆಂಟು ಹೋಗುವ ಊರಾದರೆ ಯುಪಿಎಸ್. "ಕರೆಂಟ್ ಇರಲಿಲ್ಲ ಸರ್" ಅನ್ನುವುದನ್ನು ಕ್ಲೈಂಟ್ ಒಂದು ಸಲ ಕೇಳುತ್ತಾರೆ, ಎರಡನೇ ಸಲ ಕೇಳುವುದಿಲ್ಲ. ಜೊತೆಗೆ ಕೆಲಸಕ್ಕೆಂದೇ ಬೇರೆ ಇಮೇಲ್, ಪ್ಯಾನ್ ಕಾರ್ಡ್, ಮನೆ ಖರ್ಚಿನ ಜೊತೆ ಬೆರೆಯದ ಒಂದು ಬ್ಯಾಂಕ್ ಖಾತೆ. ಸಾಫ್ಟ್‌ವೇರ್‌ಗೆ ಸದ್ಯ ದುಡ್ಡು ಹಾಕಬೇಡಿ. ಗೂಗಲ್ ಕ್ಯಾಲೆಂಡರ್, ಶೀಟ್ಸ್, ಟ್ರೆಲ್ಲೊ, ಕ್ಯಾನ್ವಾ ಇವುಗಳ ಉಚಿತ ಆವೃತ್ತಿಯಲ್ಲೇ ಮೊದಲ ಆರು ತಿಂಗಳು ನಡೆಯುತ್ತದೆ.

## 1. ಒಂದು ಬಗೆಯ ಗಿರಾಕಿ, ಅವರ ಒಂದು ತಲೆನೋವು

"ಡೇಟಾ ಎಂಟ್ರಿ, ಇಮೇಲ್, ಸೋಶಿಯಲ್ ಮೀಡಿಯಾ, ಎಲ್ಲಾ ಮಾಡ್ತೀನಿ" ಅಂದರೆ ಎದುರಿನವರಿಗೆ ಏನೂ ಕಾಣುವುದಿಲ್ಲ. ಅವರು ತಮ್ಮ ದಿನದಲ್ಲಿ ನಿಮ್ಮನ್ನು ಎಲ್ಲಿ ಕೂರಿಸಬೇಕು ಅಂತ ತಾವೇ ಯೋಚಿಸಬೇಕು. ಅಷ್ಟು ಪುರುಸೊತ್ತು ಇದ್ದಿದ್ದರೆ ಅವರಿಗೆ ಅಸಿಸ್ಟೆಂಟ್ ಯಾಕೆ ಬೇಕಿತ್ತು, ಅಲ್ವಾ?

ನಾನು ಶುರು ಮಾಡಿದ್ದು ಹೋಂಸ್ಟೇಗಳಿಂದ. ಚಿಕ್ಕಮಗಳೂರು, ಕೊಡಗಿನ ಕಡೆ ಮಾಲೀಕರು ಬೆಳಿಗ್ಗೆ ತೋಟದಲ್ಲಿರುತ್ತಾರೆ. ಅಲ್ಲಿ ನೆಟ್‌ವರ್ಕ್ ಸಿಗುವುದು ಎಲ್ಲೋ ಒಂದು ಏರಿನ ಮೇಲೆ. ಶುಕ್ರವಾರ ವಾಟ್ಸಾಪ್‌ನಲ್ಲಿ ವಿಚಾರಣೆ ಬಂದು ಬೀಳುತ್ತಿರುತ್ತದೆ: ರೂಮು ಇದೆಯಾ, ಕಾರು ಮನೆ ತನಕ ಬರುತ್ತಾ, ಊಟ ವೆಜ್ ಸಿಗುತ್ತಾ, ಜಿಗಣೆ ಕಾಟ ಇದೆಯಾ. ಸಂಜೆ ಮಾಲೀಕರು ಉತ್ತರ ಕೊಡುವಷ್ಟರಲ್ಲಿ ಬೆಂಗಳೂರಿನವರು ಬೇರೆ ಕಡೆ ಬುಕ್ ಮಾಡಿಯಾಗಿರುತ್ತದೆ. ಇದು ಒಂದು ತಲೆನೋವು. ಇದಕ್ಕೆ ದುಡ್ಡು ಕೊಡಲು ಅವರು ತಯಾರು, ಏಕೆಂದರೆ ತಪ್ಪಿಹೋದ ರೂಮಿನ ಬಾಡಿಗೆ ಎಷ್ಟು ಅಂತ ಅವರಿಗೆ ಗೊತ್ತು.

ಹೀಗೆ ನಿಮಗೆ ಗೊತ್ತಿರುವ ವಲಯ ಯಾವುದು ನೋಡಿ. ದಂತವೈದ್ಯರ ಅಪಾಯಿಂಟ್‌ಮೆಂಟ್, ಆನ್‌ಲೈನ್ ಯೋಗ ಟೀಚರ್‌ಗಳ ಬ್ಯಾಚು ಮತ್ತು ಫೀಸು, ಇನ್‌ಸ್ಟಾಗ್ರಾಂನಲ್ಲಿ ಸೀರೆ ಮಾರುವವರ ಆರ್ಡರ್ ಮತ್ತು ಕೊರಿಯರ್, ರಿಟರ್ನ್ಸ್ ಕಾಲದಲ್ಲಿ ಆಡಿಟರ್‌ಗಳಿಗೆ ಗಿರಾಕಿಗಳಿಂದ ಕಾಗದಪತ್ರ ವಸೂಲಿ. ಹಿಂದೆ ಬ್ಯಾಂಕಿನಲ್ಲೋ ಶಾಲೆಯಲ್ಲೋ ಆಸ್ಪತ್ರೆಯ ಕೌಂಟರಿನಲ್ಲೋ ಕೆಲಸ ಮಾಡಿದ್ದರೆ ಆ ಅನುಭವವೇ ನಿಮ್ಮ ಬಂಡವಾಳ.

ಪರೀಕ್ಷೆ ಸುಲಭ. ಆ ಬಗೆಯ 10 ಜನರ ಹೆಸರು ಸಂಜೆಯೊಳಗೆ ಬರೆಯಲು ಆಗಬೇಕು. ಆಗದಿದ್ದರೆ ಬೇರೆ ವಲಯ ಹಿಡಿಯಿರಿ.

## 2. ಕೆಲಸ ಸಿಗುವ ಮೊದಲೇ ಕೆಲಸದ ಮಾದರಿ

ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ. "ಮಾಡಿದ್ದು ತೋರಿಸಿ" ಅನ್ನುತ್ತಾರೆ. ಮಾಡಿದ್ದು ಇಲ್ಲದಿದ್ದರೆ ಮಾಡಿ ಇಟ್ಟುಕೊಳ್ಳಬೇಕು.

ಹೋಂಸ್ಟೇ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಗೂಗಲ್ ಶೀಟ್ ಒಂದು ತೆರೆದೆ. ಕಾಲಂಗಳು ಇಷ್ಟೇ: ವಿಚಾರಣೆ ಬಂದ ದಿನ, ಅತಿಥಿಯ ಹೆಸರು, ಎಷ್ಟು ಜನ, ಯಾವ ತಾರೀಖು, ಹೇಳಿದ ರೇಟು, ಅಡ್ವಾನ್ಸ್ ಬಂತಾ, ಬಾಕಿ, ಊಟದ ವಿವರ. ಕಟ್ಟುಕತೆಯ ಹೆಸರುಗಳು ಹಾಕಿ 12 ಸಾಲು ತುಂಬಿದೆ. ಇನ್ನೊಂದು ಪುಟದಲ್ಲಿ ಪದೇಪದೇ ಕೇಳುವ 15 ಪ್ರಶ್ನೆಗೆ ಸಿದ್ಧ ಉತ್ತರ, ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಆಮೇಲೆ ಲೂಮ್‌ನಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡುತ್ತಾ 2 ನಿಮಿಷ ಮಾತಾಡಿದೆ: ವಿಚಾರಣೆ ಬಂತು, ಇಲ್ಲಿ ಬರೆದೆ, ಈ ಉತ್ತರ ಹೋಯಿತು, ಅಡ್ವಾನ್ಸ್ ಬಂದ ಮೇಲೆ ಕ್ಯಾಲೆಂಡರ್ ಬ್ಲಾಕ್ ಮಾಡಿದೆ. ನನ್ನ ಮೊದಲ ಇಬ್ಬರು ಕ್ಲೈಂಟ್ ಬಂದಿದ್ದು ಈ ವಿಡಿಯೊದಿಂದ. ಹಿಂದೆ ಕೋಳಿ ಕೂಗುವುದು ಕೂಡ ಅದರಲ್ಲಿ ಕೇಳುತ್ತದೆ.

ಇಲ್ಲಿ ಆಗುವ ತಪ್ಪು: ಹಳೆಯ ಕಂಪನಿಯ ಅಸಲಿ ಫೈಲು, ನಿಜವಾದ ಗಿರಾಕಿಗಳ ಫೋನ್ ನಂಬರ್ ಮಾದರಿಯಲ್ಲಿ ತೋರಿಸುವುದು. ನೋಡಿದವರು ಮೆಚ್ಚುವುದಿಲ್ಲ, "ನನ್ನದನ್ನೂ ನಾಳೆ ಹೀಗೇ ತೋರಿಸ್ತಾಳೆ" ಅಂದುಕೊಳ್ಳುತ್ತಾರೆ.

## 3. ನಲವತ್ತು ಹೆಸರಿನ ಪಟ್ಟಿ

ಒಂದು ಶೀಟ್. ಹೆಸರು, ಎಲ್ಲಿ ಸಿಕ್ಕರು, ಅವರ ಯಾವ ತೊಂದರೆ ನನಗೆ ಕಂಡಿತು, ಮೆಸೇಜ್ ಹೋದ ದಿನ, ಉತ್ತರ, ಮುಂದೆ ಯಾವಾಗ. ಮೂರನೇ ಕಾಲಂ ಖಾಲಿ ಇದ್ದರೆ ಆ ಹೆಸರು ಪಟ್ಟಿಗೆ ಸೇರುವುದಿಲ್ಲ.

ಮೊದಲ 15 ಹೆಸರು ಪರಿಚಯದವರದ್ದು: ಹಳೆಯ ಬಾಸು, ಕಾಲೇಜಿನ ಗೆಳತಿಯರು, ನೆಂಟರಲ್ಲಿ ವ್ಯಾಪಾರ ಮಾಡುವವರು. ಇವರಿಂದ ಕೆಲಸ ಕೇಳಬೇಡಿ. "ನಾನು ಈಗ ಹೋಂಸ್ಟೇ ಬುಕಿಂಗ್ ನೋಡಿಕೊಳ್ತಿದೀನಿ, ನಿಮಗೆ ಗೊತ್ತಿರೋರು ಯಾರಾದರೂ ಇದ್ದಾರಾ" ಅಂತ ಕೇಳಿ. ನಾಚಿಕೆಪಟ್ಟು ಈ ಹಂತ ಬಿಡುವವರೇ ಜಾಸ್ತಿ. ಮೊದಲ ಕ್ಲೈಂಟ್ ಹೆಚ್ಚಾಗಿ ಸಿಗುವುದು ಇಲ್ಲೇ.

ಮುಂದಿನ 15, ಗೂಗಲ್ ಮ್ಯಾಪ್‌ನಿಂದ. ಎರಡು ಮೂರು ಸ್ಟಾರ್ ಕೊಟ್ಟ ರಿವ್ಯೂಗಳನ್ನು ಓದಿ. "ಜಾಗ ಚೆನ್ನಾಗಿದೆ, ಆದರೆ ಫೋನ್ ಎತ್ತಲ್ಲ", "ಮೂರು ಸಲ ಮೆಸೇಜ್ ಮಾಡಿದರೂ ಉತ್ತರ ಇಲ್ಲ". ಇಂಥ ಒಂದು ಸಾಲು ಸಿಕ್ಕರೆ ನಿಮ್ಮ ಮೆಸೇಜಿನ ಅರ್ಧ ಬರೆದಂತಾಯ್ತು.

ಕೊನೆಯ 10, ಹೊರಗಿನವರು. ಲಿಂಕ್ಡ್‌ಇನ್‌ನಲ್ಲಿ ಸಿಗುವ ಒಂಟಿಯಾಗಿ ವ್ಯಾಪಾರ ನಡೆಸುವ ಕೋಚ್‌ಗಳು, ರಿಯಲ್ ಎಸ್ಟೇಟ್ ಏಜೆಂಟರು, ಪಾಡ್‌ಕಾಸ್ಟ್ ಮಾಡುವವರು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯದ ಕನ್ನಡ ಕೂಟಗಳಲ್ಲಿ ನೆಂಟರು ಇದ್ದರೆ ಅವರನ್ನು ಕೇಳಿ. ಅಲ್ಲಿ ನೃತ್ಯಶಾಲೆ, ಟ್ಯೂಷನ್, ಕೇಟರಿಂಗ್ ನಡೆಸುವ ನಮ್ಮವರಿಗೆ ಕನ್ನಡ, ಇಂಗ್ಲಿಷ್ ಎರಡೂ ಬರುವ ಸಹಾಯಕರು ಬೇಕಾಗಿರುತ್ತಾರೆ.

## 4. ಮೊದಲ ಮೆಸೇಜ್

ದಿನಕ್ಕೆ 5, ಎಂಟು ದಿನ. ಒಂದೇ ಪಠ್ಯವನ್ನು ಎಲ್ಲರಿಗೂ ಫಾರ್ವರ್ಡ್ ಮಾಡಬೇಡಿ. ಓದಿದವರಿಗೆ ಮೊದಲ ಸಾಲಲ್ಲೇ ಗೊತ್ತಾಗುತ್ತದೆ. ಅಪರಿಚಿತರಿಗೆ ರಾಶಿ ರಾಶಿ ಕಳಿಸಿದರೆ ವಾಟ್ಸಾಪ್ ನಿಮ್ಮ ನಂಬರನ್ನೇ ಬ್ಯಾನ್ ಮಾಡಬಹುದು.

ನಾನು ಕಳಿಸುವುದು ಹೀಗಿರುತ್ತದೆ:

"ನಮಸ್ಕಾರ ಸರ್. ನಿಮ್ಮ ಹೋಂಸ್ಟೇ ಮ್ಯಾಪ್‌ನಲ್ಲಿ ನೋಡಿದೆ. ಊಟದ ಬಗ್ಗೆ ಎಲ್ಲರೂ ಹೊಗಳಿದ್ದಾರೆ. ಇಬ್ಬರು ಮಾತ್ರ ಬುಕ್ ಮಾಡೋಕೆ ಫೋನ್ ಸಿಗಲಿಲ್ಲ ಅಂತ ಬರೆದಿದ್ದಾರೆ. ನಾನು ಮನೆಯಿಂದಲೇ ಹೋಂಸ್ಟೇ ವಿಚಾರಣೆ, ಬುಕಿಂಗ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಬೆಳಿಗ್ಗೆ 8ರಿಂದ ರಾತ್ರಿ 9ರ ತನಕ 15 ನಿಮಿಷದೊಳಗೆ ಉತ್ತರ ಹೋಗುತ್ತದೆ. ಹೇಗೆ ಅಂತ 2 ನಿಮಿಷದ ವಿಡಿಯೊ ಇದೆ, ಕಳಿಸಲಾ?"

ಗಮನಿಸಿ: ರೇಟು ಇಲ್ಲ, ನನ್ನ ಜೀವನಚರಿತ್ರೆ ಇಲ್ಲ, ಫೈಲು ಇಲ್ಲ. ಕೊನೆಯ ಪ್ರಶ್ನೆಗೆ "ಹೂಂ ಕಳ್ಸಿ" ಅಂದರೆ ಸಾಕು. ವಾಯ್ಸ್ ಮೆಸೇಜ್ ಬೇಡ. ಗುರುತಿಲ್ಲದ ದನಿಯನ್ನು ಯಾರೂ ಒತ್ತಿ ಕೇಳುವುದಿಲ್ಲ.

ಉತ್ತರ ಬರದಿದ್ದರೆ ನಾಲ್ಕನೇ ದಿನ ಒಂದು ಸಾಲು, ಹತ್ತನೇ ದಿನ ಇನ್ನೊಂದು. ಆಮೇಲೆ ಬಿಟ್ಟುಬಿಡಿ. 40 ಮೆಸೇಜ್ ಕಳಿಸಿದ ಮೇಲೂ ಒಬ್ಬರೂ ವಿಡಿಯೊ ಕೇಳದಿದ್ದರೆ ತೊಂದರೆ ಮೆಸೇಜಿನಲ್ಲಿದೆ. ವಿಡಿಯೊ ನೋಡಿ ಸುಮ್ಮನಾಗುತ್ತಿದ್ದರೆ ತೊಂದರೆ ಮಾದರಿಯಲ್ಲಿದೆ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಸರಿಹೋಯ್ತು ಅಂತ ತಿಳಿಯುವುದಿಲ್ಲ.

## 5. ಅಪ್‌ವರ್ಕ್, ಫೈವರ್ ಥರದ ತಾಣಗಳು

ಬಿಡಿ ಕೆಲಸ ಕೊಡುವವರು, ಮಾಡುವವರು ಇಬ್ಬರೂ ಸೇರುವ ತಾಣಗಳು ಇವು. ಇವುಗಳಿಂದಲೇ ಶುರು ಮಾಡಬೇಡಿ, ಆದರೆ ಪೂರ್ತಿ ಬಿಡಲೂ ಬೇಡಿ. ಫೈವರ್ ನಿಮ್ಮ ಗಳಿಕೆಯಲ್ಲಿ 20 ಶೇಕಡ ಹಿಡಿದುಕೊಳ್ಳುತ್ತದೆ. 100 ಡಾಲರಿನ ಕೆಲಸಕ್ಕೆ ನಿಮಗೆ 80. ಅಪ್‌ವರ್ಕ್‌ನಲ್ಲಿ ಅರ್ಜಿ ಹಾಕಲೂ ಕನೆಕ್ಟ್ಸ್ ಅನ್ನುವ ಟೋಕನ್ ಖರ್ಚಾಗುತ್ತದೆ, ಜೊತೆಗೆ ಅವರ ಶುಲ್ಕ ಬೇರೆ. ರೇಟು ಹಾಕುವಾಗಲೇ ಇದನ್ನು ಸೇರಿಸಿಕೊಳ್ಳಿ.

ಸಿಕ್ಕಿದ್ದಕ್ಕೆಲ್ಲ ಅರ್ಜಿ ಹಾಕಿ ಟೋಕನ್ ಮುಗಿಸುವುದು ಸಾಮಾನ್ಯ ತಪ್ಪು. ಪೇಮೆಂಟ್ ವೆರಿಫೈ ಆಗಿರುವ, ಹಿಂದೆ ಜನರನ್ನು ತೆಗೆದುಕೊಂಡು ದುಡ್ಡು ಕೊಟ್ಟ ಇತಿಹಾಸವಿರುವ, ಹಾಕಿ ಹೆಚ್ಚು ಹೊತ್ತಾಗದ ಜಾಹೀರಾತಿಗೆ ಮಾತ್ರ ಹಾಕಿ. ಅರ್ಜಿಯ ಮೊದಲ ಎರಡು ಸಾಲು ಅವರ ಕೆಲಸದ ಬಗ್ಗೆ ಇರಲಿ.

ಹೊತ್ತಿನ ಲೆಕ್ಕವನ್ನು ಮೊದಲೇ ಮನೆಯವರ ಜೊತೆ ಮಾತಾಡಿಕೊಳ್ಳಿ. ಲಂಡನ್ನಿನ ಬೆಳಿಗ್ಗೆ 9 ಅಂದರೆ ನಮಗೆ ಅವರ ಬೇಸಿಗೆಯಲ್ಲಿ ಮಧ್ಯಾಹ್ನ 1:30, ಚಳಿಗಾಲದಲ್ಲಿ 2:30. ನ್ಯೂಯಾರ್ಕಿನ 9 ಅಂದರೆ ಸಂಜೆ 6:30 ಅಥವಾ 7:30. ಸಿಡ್ನಿಯ 9 ಅಂದರೆ ನಸುಕಿನ 4:30, ಅವರ ಬೇಸಿಗೆಯಲ್ಲಿ 3:30. ಮಕ್ಕಳಿರುವ ಮನೆಗೆ ಬ್ರಿಟನ್ ಕ್ಲೈಂಟ್ ಹೊಂದುವಷ್ಟು ಬೇರೆ ಯಾರೂ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

## 6. ಮೊದಲ ಮಾತುಕತೆ, ದುಡ್ಡಿನ ಟ್ರಯಲ್

ಫೋನಿನಲ್ಲಿ ನೀವು ಮಾತಾಡುವುದು ಕಡಿಮೆ ಇರಲಿ. ಮೂರು ಪ್ರಶ್ನೆ ಸಾಕು: ವಾರದಲ್ಲಿ ಯಾವ ಕೆಲಸಕ್ಕೆ ಜಾಸ್ತಿ ಹೊತ್ತು ಹೋಗ್ತಿದೆ? ಈಗ ಅದನ್ನು ಯಾರು ಮಾಡ್ತಿದ್ದಾರೆ? ಒಂದು ತಿಂಗಳ ನಂತರ ಏನು ಬದಲಾದರೆ ಖುಷಿ ಆಗುತ್ತೆ? ಉತ್ತರ ಬರೆದುಕೊಳ್ಳಿ, ಮಾತು ಮುಗಿದ ಮೇಲೆ ಅದನ್ನೇ ಐದು ಸಾಲಲ್ಲಿ ಮೆಸೇಜ್ ಮಾಡಿ.

"ಒಂದು ವಾರ ಫ್ರೀ ಮಾಡಿ ನೋಡೋಣ" ಅಂದರೆ ಒಪ್ಪಬೇಡಿ. ಬದಲಿಗೆ 5 ಗಂಟೆಯ ಟ್ರಯಲ್ ಇಡಿ, ದುಡ್ಡು ಮೊದಲೇ. "ಇಷ್ಟ ಆಗದಿದ್ದರೆ ಮುಂದುವರಿಸಬೇಡಿ ಸರ್, ಬೇಜಾರಿಲ್ಲ" ಅಂತ ಹೇಳಿ. 5 ಗಂಟೆಗೆ ದುಡ್ಡು ಕೊಡಲು ಹಿಂದೆಮುಂದೆ ನೋಡುವವರು 50 ಗಂಟೆಗೂ ಸರಿಯಾಗಿ ಕೊಡುವುದಿಲ್ಲ.

## 7. ರೇಟು ಕೂರಿಸುವುದು

ಪಕ್ಕದವರು ಎಷ್ಟು ತಗೊಳ್ತಾರೆ ಅಂತ ನೋಡಿ ಹೇಳುವುದು ಬಿಡಿ. ನಿಮ್ಮ ಲೆಕ್ಕದಿಂದ ಶುರು ಮಾಡಿ. ತಿಂಗಳಿಗೆ ಕೈಗೆ 30,000 ರೂಪಾಯಿ ಬೇಕು ಅಂದುಕೊಳ್ಳಿ. ಇಂಟರ್ನೆಟ್, ಕರೆಂಟು, ರಿಪೇರಿ 4,000. ಒಟ್ಟು 34,000. ದಿನಕ್ಕೆ 6 ಗಂಟೆ ಕೂತರೂ ಬಿಲ್ ಮಾಡಲು ಸಿಗುವುದು 4. ಉಳಿದದ್ದು ಕ್ಲೈಂಟ್ ಹುಡುಕಾಟ, ಇನ್‌ವಾಯ್ಸ್, ಫೋನು. ತಿಂಗಳಿಗೆ 22 ದಿನ ಅಂದರೆ 88 ಗಂಟೆ. 34,000 ಭಾಗಿಸು 88, ಸುಮಾರು 386. ಹಾಗಾದರೆ ಗಂಟೆಗೆ 400ಕ್ಕಿಂತ ಕೆಳಗೆ ಇಳಿದರೆ ನಿಮ್ಮ ಕೈಯಿಂದಲೇ ಹಾಕಿದಂತೆ.

ಗಂಟೆ ಲೆಕ್ಕ ನಿಮ್ಮ ತಲೆಯಲ್ಲಿರಲಿ, ಕ್ಲೈಂಟಿಗೆ ತಿಂಗಳ ಲೆಕ್ಕ ಹೇಳಿ: "ತಿಂಗಳಿಗೆ 20 ಗಂಟೆ, 8,000 ರೂಪಾಯಿ, ಒಂದನೇ ತಾರೀಖು ಮುಂಗಡ." ಹೆಚ್ಚಿಗೆ ಆದ ಗಂಟೆಗೆ ಎಷ್ಟು, ಉಳಿದ ಗಂಟೆ ಮುಂದಿನ ತಿಂಗಳಿಗೆ ಸೇರುತ್ತಾ ಇಲ್ವಾ, ಅದೂ ಅಲ್ಲೇ ಹೇಳಿಬಿಡಿ. ಹೊರದೇಶದವರಿಗೆ ಅವರ ದುಡ್ಡಿನಲ್ಲೇ ಹೇಳಿ. ರೂಪಾಯಿಗೆ ಬದಲಾಯಿಸುವಾಗ ಕಳೆದುಹೋಗುವುದನ್ನು ಮೊದಲೇ ಸೇರಿಸಿರಬೇಕು.

## 8. ಕಾಗದ, ಪಾಸ್‌ವರ್ಡ್, ದುಡ್ಡು

ಒಂದು ಪುಟದ ಒಪ್ಪಂದ ಸಾಕು. ಯಾವ ಕೆಲಸ, ಯಾವ ಹೊತ್ತಿನಲ್ಲಿ ಸಿಗುತ್ತೀರಿ, ಎಷ್ಟು ದುಡ್ಡು, ಯಾವ ದಿನ, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು, ಗುಟ್ಟು ಕಾಪಾಡುವ ಮಾತು. ಇಮೇಲ್‌ನಲ್ಲಿ ಕಳಿಸಿ "ಒಪ್ಪಿದೆ" ಅಂತ ಉತ್ತರ ತರಿಸಿಕೊಳ್ಳಿ.

ಪಾಸ್‌ವರ್ಡ್ ವಾಟ್ಸಾಪ್‌ನಲ್ಲಿ ಕೇಳಬೇಡಿ. ಜಿಮೇಲ್‌ನಲ್ಲಿ ಡೆಲಿಗೇಟ್ ಆಗಿ, ಅಂದರೆ ಪಾಸ್‌ವರ್ಡ್ ಕೊಡದೆಯೇ ಅವರ ಮೇಲ್ ನೋಡಿ ಉತ್ತರಿಸುವಂತೆ, ನಿಮ್ಮನ್ನು ಸೇರಿಸಲು ಬರುತ್ತದೆ, ಕ್ಯಾಲೆಂಡರ್ ಹಂಚಿಕೊಳ್ಳಬಹುದು, ಫೇಸ್‌ಬುಕ್ ಪೇಜಿಗೆ ನಿಮ್ಮ ಖಾತೆಯಿಂದಲೇ ಪ್ರವೇಶ ಕೊಡಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರ್. ಕ್ಲೈಂಟಿನ ಬ್ಯಾಂಕ್ ಲಾಗಿನ್, ಒಟಿಪಿ ಮಾತ್ರ ಅವರೇ ಕೊಟ್ಟರೂ ತೆಗೆದುಕೊಳ್ಳಬೇಡಿ. ನಾಳೆ ಅವರ ಖಾತೆಯಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಮೊದಲು ನೆನಪಾಗುವುದು ನೀವೇ.

ಊರಿನ ಕ್ಲೈಂಟ್ ಯುಪಿಐ ಮಾಡುತ್ತಾರೆ, ಮುಗೀತು. ಹೊರದೇಶದಿಂದ ಬರುವ ದುಡ್ಡಿಗೆ ಪೇಪಾಲ್, ವೈಸ್, ಪಯೋನೀರ್ ಥರದ ದಾರಿಗಳಿವೆ. ಶುಲ್ಕ ಮತ್ತು ಡಾಲರಿಗೆ ಕೊಡುವ ರೇಟು ಎರಡನ್ನೂ ಹೋಲಿಸಿ ನೋಡಿ. ಪ್ರತಿ ಸಲ ಬಂದ ವಿದೇಶಿ ಹಣಕ್ಕೆ ರಶೀದಿ ಪತ್ರ ಇಳಿಸಿಕೊಂಡು ಒಂದು ಫೋಲ್ಡರಿಗೆ ಹಾಕಿ. ಮಾರ್ಚಿನಲ್ಲಿ ಆಡಿಟರ್ ಕೇಳಿದಾಗ ಹುಡುಕಾಡಬೇಕಾಗುವುದಿಲ್ಲ.

ಸಣ್ಣ ಉದ್ಯಮಗಳಿಗೆಂದು ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮೊದಲೇ ಮಾಡಿಕೊಳ್ಳಿ. ಸರ್ಕಾರಿ ತಾಣದಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ತಾಣಗಳೆಲ್ಲ ಏಜೆಂಟರದ್ದು. ಇದರಿಂದ ಒಂದು ನಿಜವಾದ ಲಾಭ ಇದೆ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮ) ಕಾನೂನಿನ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ ಇಲ್ಲಿನ ಕಂಪನಿ ದುಡ್ಡು ಕೊಡಲು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಇನ್‌ವಾಯ್ಸ್ ಕೆಳಗೆ ಉದ್ಯಮ್ ನಂಬರ್ ಹಾಕಿದ ಮೇಲೆ ಒಂದು ಕಂಪನಿಯ ಅಕೌಂಟ್ಸ್ ವಿಭಾಗದವರ "ಮುಂದಿನ ವಾರ ಮೇಡಂ" ಅನ್ನುವ ರಾಗ ನಿಂತುಹೋಯಿತು. ಜಿಎಸ್‌ಟಿ ನೋಂದಣಿ ಸೇವೆ ಕೊಡುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ಆ ಹತ್ತಿರ ಬರುತ್ತಿದ್ದಂತೆ ಆಡಿಟರನ್ನು ಕಾಣಿ.

## 9. ಮೊದಲ ಮೂವತ್ತು ದಿನ

ಕ್ಲೈಂಟ್ ಬಿಟ್ಟುಹೋಗುವುದು ಹೆಚ್ಚಾಗಿ ಈ ತಿಂಗಳಲ್ಲಿ. ಕಾರಣ ದೊಡ್ಡ ತಪ್ಪಲ್ಲ, ಮೌನ. ಏನು ನಡೀತಿದೆ ಅಂತ ಗೊತ್ತಾಗದೆ ಅವರಿಗೆ ದಿಗಿಲಾಗುತ್ತದೆ. ಅದಕ್ಕೆ ಪ್ರತಿ ಶುಕ್ರವಾರ ಸಂಜೆ ನಾಲ್ಕು ಸಾಲು ಕಳಿಸಿ: ಈ ವಾರ ಮುಗಿದದ್ದು, ಬಾಕಿ ಇರುವುದು, ನಿಮ್ಮಿಂದ ನನಗೆ ಬೇಕಾದ್ದು, ಖರ್ಚಾದ ಗಂಟೆ.

ನನ್ನ ಎರಡು ಎಡವಟ್ಟು ಹೇಳುತ್ತೇನೆ. ಒಂದು ದೀರ್ಘ ವಾರಾಂತ್ಯ. ಫೋನಿನಲ್ಲಿ ಬಂದ ಬುಕಿಂಗಿಗೆ "ಆಯ್ತು ಸರ್, ರೂಮ್ ನಿಮ್ಮದೇ" ಅಂದೆ, ಕ್ಯಾಲೆಂಡರ್ ಬ್ಲಾಕ್ ಮಾಡುವುದು ಊಟದ ನಂತರ ಅಂದುಕೊಂಡೆ. ಅಷ್ಟರಲ್ಲಿ ಆ್ಯಪ್‌ನಲ್ಲಿ ಅದೇ ರೂಮು ಬುಕ್ ಆಯಿತು. ಶನಿವಾರ ಸಂಜೆ ಮಳೆಯಲ್ಲಿ ಎರಡು ಕುಟುಂಬ ಒಂದೇ ಗೇಟಿನ ಮುಂದೆ. ಮಾಲೀಕರು ತಮ್ಮ ಅಣ್ಣನ ಮನೆಯಲ್ಲಿ ಒಂದು ಕುಟುಂಬವನ್ನು ಇಳಿಸಿದರು. ನಾನು ಆ ತಿಂಗಳ ಬಿಲ್ಲಿನಲ್ಲಿ ಅರ್ಧ ಬಿಟ್ಟೆ. ಅವತ್ತಿನಿಂದ ನನ್ನ ನಿಯಮ: ಮೊದಲು ಬ್ಲಾಕ್, ಆಮೇಲೆ ಉತ್ತರ. ಎರಡು ಬುಕಿಂಗ್ ತಾಣಗಳ ಕ್ಯಾಲೆಂಡರ್ ಜೋಡಿಸಿದ್ದರೂ ಒಂದರ ಬದಲಾವಣೆ ಇನ್ನೊಂದಕ್ಕೆ ತಕ್ಷಣ ಹೋಗುವುದಿಲ್ಲ, ಗಂಟೆಗಟ್ಟಲೆ ಹಿಡಿಯಬಹುದು. ವಾರಾಂತ್ಯಕ್ಕೆ ಕೈಯಿಂದಲೇ ಎರಡು ಕಡೆ ಮುಚ್ಚಿ.

ಇನ್ನೊಂದು ಮಾರ್ಚ್ ತಿಂಗಳಿನದು. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರಿನ ಮೊದಲ ಭಾನುವಾರ ಹಿಂದೆ ಬರುತ್ತದೆ. ನಾನು ಎಂದಿನಂತೆ ಸಂಜೆ 7:30ಕ್ಕೆ ಜೂಮ್ ತೆರೆದು ಕೂತೆ. ಅಲ್ಲಿನ ಕ್ಲೈಂಟ್ ನಮ್ಮ 6:30ಕ್ಕೇ ಬಂದು ಕಾದು ಹೋಗಿಯಾಗಿತ್ತು. ಬ್ರಿಟನ್ನಿನಲ್ಲಿ ಇದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಮೀಟಿಂಗನ್ನು ಅವರ ಟೈಮ್‌ಜೋನಿನಲ್ಲೇ ಕ್ಯಾಲೆಂಡರಿಗೆ ಹಾಕಿದರೆ ಈ ತಾಪತ್ರಯ ಇಲ್ಲ.

## 10. ಬೆಳೆಸುವುದು

ಮೂರನೇ ತಿಂಗಳಿಗೆ, ಕ್ಲೈಂಟ್ ತಾವಾಗಿ "ಚೆನ್ನಾಗಾಯ್ತು" ಅಂದ ದಿನವೇ ಕೇಳಿ: "ನಿಮ್ಮ ಥರದವರು ಇನ್ನೊಬ್ಬರ ಪರಿಚಯ ಮಾಡಿಸ್ತೀರಾ ಸರ್?" ಯಾರಾದರೂ ಇದ್ದರೆ ಹೇಳಿ ಅಂದರೆ ಮರೆಯುತ್ತಾರೆ. ಒಬ್ಬರು ಅಂದರೆ ಒಂದು ಮುಖ ನೆನಪಾಗುತ್ತದೆ.

ಒಬ್ಬ ಕ್ಲೈಂಟಿನಿಂದ ಬರುವ ದುಡ್ಡು ಒಟ್ಟು ಗಳಿಕೆಯ ಅರ್ಧ ದಾಟದಂತೆ ನೋಡಿಕೊಳ್ಳಿ. ಹೋಂಸ್ಟೇಯವರಿಗೆ ಜೋರು ಮಳೆಗಾಲದಲ್ಲಿ ಬುಕಿಂಗ್ ಇಳಿಯುತ್ತದೆ, ಆಡಿಟರ್‌ಗಳಿಗೆ ಅದೇ ಹೊತ್ತಿನಲ್ಲಿ ಕೆಲಸ ಮೈಮೇಲೆ ಬರುತ್ತದೆ. ಹೀಗೆ ಒಬ್ಬರ ಸುಗ್ಗಿ ಇನ್ನೊಬ್ಬರ ಬರಗಾಲಕ್ಕೆ ಆಗುವಂತೆ ಜೋಡಿಸಿ. ರೇಟು ಏರಿಸುವುದು ಮೊದಲು ಹೊಸ ಕ್ಲೈಂಟಿಗೆ, ಆಮೇಲೆ ಹಳಬರಿಗೆ, ಒಂದು ತಿಂಗಳು ಮೊದಲೇ ತಿಳಿಸಿ.

ಕೈ ತುಂಬಿದ ಮೇಲೆ ಇನ್ನೊಬ್ಬರನ್ನು ಸೇರಿಸಿಕೊಳ್ಳಬೇಕು ಅನ್ನಿಸುತ್ತದೆ. ಅದಕ್ಕೂ ಮೊದಲು ನೀವು ದಿನಾ ಮಾಡುವ ಒಂದು ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು, ಏನೂ ಗೊತ್ತಿಲ್ಲದ ತಂಗಿಗೋ ಪಕ್ಕದ ಮನೆ ಹುಡುಗಿಗೋ ಕೊಟ್ಟು ನೋಡಿ. ನಿಮ್ಮನ್ನು ಒಂದೂ ಪ್ರಶ್ನೆ ಕೇಳದೆ ಅವಳು ಮುಗಿಸಿದರೆ ಆ ಕೆಲಸ ಬೇರೆಯವರಿಗೆ ಕೊಡಬಹುದು. ಕ್ಲೈಂಟಿಗೆ ಹೇಳದೆ ಕೊಡಬೇಡಿ.

## ಇವು ಕಂಡರೆ ಅಲ್ಲೇ ನಿಲ್ಲಿ

ಕೆಲಸ ಕೊಡಲು ನೋಂದಣಿ ಶುಲ್ಕ, ಸೆಕ್ಯುರಿಟಿ ಡೆಪಾಸಿಟ್ ಕೇಳಿದರೆ ಅದು ಕೆಲಸವೇ ಅಲ್ಲ. ಟೆಲಿಗ್ರಾಂಗೆ ಬನ್ನಿ, ಲೈಕ್ ಒತ್ತಿ ದುಡ್ಡು ಮಾಡಿ ಅನ್ನುವುದೂ ಅಷ್ಟೇ. "ಸ್ವಲ್ಪ ದಿನ ನಿಮ್ಮ ಅಪ್‌ವರ್ಕ್ ಖಾತೆ ಬಾಡಿಗೆಗೆ ಕೊಡಿ", "ನಿಮ್ಮ ಬ್ಯಾಂಕ್ ಖಾತೆಗೆ ದುಡ್ಡು ಹಾಕ್ತೀವಿ, ಕಮಿಷನ್ ಇಟ್ಕೊಂಡು ಮುಂದೆ ಕಳಿಸಿ" ಅನ್ನುವವರ ಜೊತೆ ಮಾತೇ ಬೇಡ. ಎರಡನೆಯದರಲ್ಲಿ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಡೇಟಾ ಎಂಟ್ರಿ ಹೆಸರಿನಲ್ಲಿ ಇನ್ನೊಂದು ಆಟ ಇದೆ. ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಸಾವಿರಾರು ಫಾರಂ ತುಂಬಲು ಕೊಡುತ್ತಾರೆ. ಕೊನೆಗೆ "ತಪ್ಪು ಜಾಸ್ತಿ ಇದೆ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟ್ ನೋಟಿಸ್" ಅಂತ ವಕೀಲರ ಹೆಸರಲ್ಲಿ ಫೋನ್ ಬರುತ್ತದೆ. ಹೆದರಿ ದುಡ್ಡು ಕಟ್ಟಬೇಡಿ. ಮೆಸೇಜ್, ನಂಬರ್, ಒಪ್ಪಂದದ ಪ್ರತಿ ಎಲ್ಲ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಈಗಾಗಲೇ ಹೋಗಿದ್ದರೆ ನಾಳೆ ನೋಡೋಣ ಅನ್ನದೆ ಆ ಕ್ಷಣವೇ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ.